ಮಗಳಿಗೊಂದು ಪತ್ರ: ಸೂಕ್ತ ಕ್ರಮ ಅಂದ್ರ ಎಷ್ಟು ಫೂಟು?

ಯವ್ವಾ,

ಮೊನ್ನೆ ಊರಿಗೆ ಬಂದಾಗ ಮಾಳಗಿ ಮ್ಯಾಲೆ ಅಡ್ಡಾಡ್ಕೋಂತ ಫೋನಿನಾಗ ಮಾತಾಡಕತ್ತಿದ್ದಿ, ನಾ ಕೆಳಗ ಕಟ್ಟಿ ಮ್ಯಾಲೆ ಕುಂತಿದ್ದೆ. ಕದ್ದು ಕೇಳ್ಲಿಲ್ಲ, ನಿನ್ನ ದನಿನೇ ಹಂಗ ಐತಿ. ಮುಕ್ಕಾಲು ತಾಸು ಬರೇ ಅಲೈನ್ ಆಗೋಣ, ಸಿನರ್ಜಿ ಬೇಕು, ಲೆವರೇಜ್ ಮಾಡೋಣ, ನಂಗ ಬ್ಯಾಂಡ್‌ವಿಡ್ತ್ ಇಲ್ಲ, ಸರ್ಕಲ್ ಬ್ಯಾಕ್ ಮಾಡ್ತೀನಿ. ಕೆಳಗ ಬಂದ್ಮ್ಯಾಲೆ ಏನಾತವ್ವಾ ಅಂದ್ರ "ಏನಿಲ್ಲಪ್ಪ, ಒಂದು ಕೆಲಸ ಲೇಟ್ ಆಗೈತಿ, ಯಾರೂ ಒಪ್ಗೊಳ್ಳವಲ್ರು" ಅಂದಿ. ಅಷ್ಟೇ ಮಾತು! ಮುಕ್ಕಾಲು ತಾಸಿನ್ಯಾಗ ಒಬ್ರ ಬಾಯಾಗೂ ಬರ್ಲಿಲ್ಲಲ್ಲ ಅದು.

ನೀ ಹೋದ್ಮ್ಯಾಲೆ ನಿನ್ನ ತಮ್ಮನ್ನ ಕೂಡ್ರಿಸ್ಕೊಂಡು ಒಂದೊಂದ್ರ ಅರ್ಥ ಕೇಳಿದೆ. ಬ್ಯಾಂಡ್‌ವಿಡ್ತ್ ಅನ್ನೋದು ಮೊದಲು ರೇಡಿಯೋದವ್ರ ಮಾತಂತ, ಸಿಗ್ನಲ್ ಎಷ್ಟು ಅಗಲದ ಫ್ರೀಕ್ವೆನ್ಸಿ ಹಿಡೀತೈತಿ ಅನ್ನೋದು, ಹರ್ಟ್ಜ್ ಲೆಕ್ಕದಾಗ ಅಳೀತಾರಂತ. ಲೆವರೇಜ್ ಅಂದ್ರ ಸನ್ನಿಗೋಲು ಹಾಕಿ ಮೀಟೋದು, ಕೋಲು ಎಷ್ಟು ಉದ್ದ, ಅಡಿಗಲ್ಲು ಎಲ್ಲಿಟ್ಟಿ ಅನ್ನೋದ್ರ ಮ್ಯಾಲೆ ಎಷ್ಟು ಭಾರ ಏಳತೈತಿ ಅನ್ನೋ ಲೆಕ್ಕ. ಎರಡೂ ಅಳತಿ ಇದ್ದ ಮಾತು ನೋಡು. ನಿಮ್ಮ ಮೀಟಿಂಗಿಗೆ ಬರೋದ್ರಾಗ ಅಳತಿ ಉದುರಿ ಬರೇ ಸಪ್ಪಳ ಉಳದೈತಿ.

ನಿಮ್ಮನ್ನಷ್ಟೇ ಬೈದ್ರ ನಾ ಸುಳ್ಳಗಾರ ಆಗ್ತೀನಿ. ತುಂಗಭದ್ರಾ ಡ್ಯಾಮಿನ ಎಡದಂಡಿ ಕೆನಾಲ್ ಮ್ಯಾಲೆ ಮೂವತ್ತು ವರ್ಷ ಗ್ಯಾಂಗ್‌ಮನ್ ಆಗಿ ದುಡದೀನಿ, ಮುನಿರಾಬಾದಿನ್ಯಾಗ ಬಿಟ್ಟ ನೀರು ಗಂಗಾವತಿ, ಕಾರಟಗಿ, ಸಿಂಧನೂರು ಭತ್ತದ ಗದ್ದಿ ದಾಟಿ ಕೊನೆ ಭಾಗಕ್ಕ ಬರೋದ್ರಾಗ ಎಷ್ಟು ಉಳೀತೈತಿ ಅಂತ ನಿಂಗೂ ಗೊತ್ತು. ಸಣ್ಣಕ್ಕಿದ್ದಾಗ ಒಂದು ಕ್ಯುಸೆಕ್ ಅಂದ್ರ ಸೆಕೆಂಡಿಗೆ 28 ಲೀಟರ್ ಅಂತ ಹೇಳಿದ್ರ, ಅಂದ್ರ ಎರಡು ಕೊಡ ಅಲ್ಲಪ್ಪ ಅಂತ ಅಂದಾಕಿ ನೀನೇ.

ಒಂದು ಬ್ಯಾಸಗಿ ಬೆಳಿ ಟೈಮಿಗೆ ಕೊನೆ ಭಾಗದ ರೈತ್ರು ನೀರು ಬರವಲ್ದು ಅಂತ ಅರ್ಜಿ ಹಾಕಿದ್ರು. ನನ್ನ ಅಕ್ಷರ ದುಂಡಗದಾವಂತ ಸಾಹೇಬ್ರು ಉತ್ತರ ನನ್ನ ಕೈಲೆ ಬರಿಸಿದ್ರು: "ಸದರಿ ವಿಷಯವನ್ನು ಪರಿಶೀಲಿಸಿ ನಿಯಮಾನುಸಾರ ಸೂಕ್ತ ಕ್ರಮ ಜರುಗಿಸಲಾಗಿದೆ." ಬರದು ನಾನೇ ಹಿಗ್ಗಿದ್ದೆ, ಎಷ್ಟು ಚೊಲೋ ಬಂದೈತಿ ಅಂತ. ನಾಕು ದಿನಕ್ಕ ಒಬ್ಬ ಮುದುಕ ಆ ಕಾಗದ ಮಡಚಿ ಅಂಗಿ ಕಿಸೆದಾಗ ಇಟ್ಕೊಂಡು ನಡಕೋಂತ ಬಂದ, ಮೊಮ್ಮಗನ ಕಡೆ ಓದಿಸಿದ್ನಂತ. "ತಮ್ಮಾ, ಸೂಕ್ತ ಕ್ರಮ ಅಂದ್ರ ಎಷ್ಟು ಫೂಟು?" ಅಂದ. ಕೆನಾಲಿನ್ಯಾಗ ನೀರು ಎಷ್ಟು ಫೂಟು ಐತಿ ಅಂತ ತೋರ್ಸೋ ಗೇಜ್ ಪಟ್ಟಿ ನಮ್ಮಿಬ್ರ ಎದುರಿಗೇ ಇತ್ತು, ಬಣ್ಣ ಹೋಗಿ 2 ಅನ್ನೋ ಅಂಕಿ ಅರ್ಧ ಕಾಣ್ತಿತ್ತು, ನೀರು ಅದರ ಕೆಳಗ. ನಾ ಬಾಯಿ ತೆರೀಲಿಲ್ಲ. ಆ ಕಾಗದದಾಗ ಸುಳ್ಳು ಒಂದೂ ಇರ್ಲಿಲ್ಲ ಯವ್ವಾ, ಸುಳ್ಳಾಗಾಕ ಮೊದ್ಲು ಏನರ ಹೇಳಿರಬೇಕಲ್ಲ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ ಸುದ್ದಿ ಹೆಂಗ ಬಂತು ನೆನಪೈತಿಲ್ಲ, 19ನೇ ಗೇಟಿನ ಚೈನ್ ಹರದು ಗೇಟ್ ಕೊಚ್ಕೊಂಡು ಹೋತು. ಎಷ್ಟನೇದು, ಏನು ಹರೀತು, ಮುಗೀತು. ಒತ್ತಡ ಇಳಿಸಾಕ 33 ಗೇಟಿನ ಕಡಿಂದನೂ ನೀರು ಬಿಟ್ರು, ಒಂದು ವಾರದಾಗ ಹರಿಯೋ ನೀರಿನ್ಯಾಗೇ ಸ್ಟಾಪ್‌ಲಾಗ್, ಅಂದ್ರ ಗೇಟಿನ ಬದ್ಲಿ ನೀರು ತಡಿಯೋ ಉಕ್ಕಿನ ಅಡ್ಡಪಟ್ಟಿ, ಇಳಿಸಿದ್ರು. ಗೇಟಿನ ವಿಚಾರದಾಗ ಒಂದು ಚಾಲೆಂಜ್ ಐತಿ, ಅಲೈನ್ ಆಗಿ ಸರ್ಕಲ್ ಬ್ಯಾಕ್ ಮಾಡ್ತೀವಿ ಅಂತ ಯಾರರ ಅಂದಿದ್ರ ಏನಾಗ್ತಿತ್ತೋ.

ನಿನ್ನ ರೂಮಿನ ಹುಡುಗಿನ್ನ ಕೆಲಸದಿಂದ ತೆಗದು ರೈಟ್‌ಸೈಜಿಂಗ್ ಅಂದ್ರಂತಲ್ಲ, ನಾ ಅಂಗಿ ಅಳತಿ ಅನ್ಕೊಂಡಿದ್ದೆ. ಆ ಕೂಸು ಊಟ ಬಿಟ್ಟು ಅಳಕತ್ತಿತ್ತು ಅಂತ ನೀನೇ ಹೇಳಿದ್ದಿ.

ನೌಕರಿ ಐತಿ, ನಾಕು ಮಂದಿ ಅಂದಂಗ ನೀನೂ ಅನ್ನಬೇಕಾಗತೈತಿ, ಅನ್ನು, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಲೇಟಾದ ಕೆಲಸದ್ದು ಮೇಲ್ ಹಾಕೋ ಮುಂದ ಯಾವ ಕೆಲಸ, ಯಾರ ಹತ್ರ ನಿಂತೈತಿ, ಎಷ್ಟು ದಿನ ಆತು, ಇಷ್ಟು ಮ್ಯಾಲೇ ಬರದುಬಿಡು, ಉಳದದ್ದು ಕೆಳಗ ಏನರ ಅಲಂಕಾರ ಮಾಡ್ಕೋ.

ಮತ್ತ, ಪಂಚಮಿಗೆ ಬರೋದು ಟೆಂಟೇಟಿವ್ ಅಂತ ಮೆಸೇಜ್ ಹಾಕಿಯಲ್ಲ, ನಿಮ್ಮವ್ವ ಎರಡು ಸಲ ಓದಿಸಿ ಕೇಳಿದ್ಳು. ಉಂಡಿಗೆ ಎಷ್ಟು ಕಿಲೋ ಶೇಂಗಾ ಹುರೀಲಿ ಅಂತ ನಿನ್ನೆಯಿಂದ ನನ್ನ ಜೀವ ತಿನ್ನಕತ್ಯಾಳ. ಏನಂತ ಹೇಳ್ಲಿ?

ನಿನ್ನ ಅಪ್ಪ