ಮಂಜುಗೆ, ಪಾಯಿಂಟರ್ ವಿಷಯ

ಗಂಗಾವತಿ

ಚಿರಂಜೀವಿ ಮಂಜುಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಸಿ ಪ್ರೋಗ್ರಾಂ ನಿನ್ನೆ ರಾತ್ರಿ ಕೂತು ಓದಿದೆ. ಚೆನ್ನಾಗಿ ಬರೆದಿದ್ದೀಯ. ಆದರೆ ಹೆಸರು ಜೋಡಿಸುವ ಫಂಕ್ಷನ್ ನೋಡಿ ಗಾಬರಿ ಆಯ್ತು. ಒಳಗೆ 50 ಅಕ್ಷರದ ಅರೇ (ಅಕ್ಷರಗಳನ್ನು ಸಾಲಾಗಿ ಇಡುವ ಜಾಗ) ಮಾಡಿ, ಹೆಸರು ತುಂಬಿ, ಅದರ ವಿಳಾಸವನ್ನು ಒಂದು ಪಾಯಿಂಟರ್‌ಗೆ ಹಾಕಿ ಅದನ್ನೇ ರಿಟರ್ನ್ ಮಾಡಿದ್ದೀಯ. ಅರೇಯನ್ನು ನೇರವಾಗಿ ರಿಟರ್ನ್ ಮಾಡಿದ್ದರೆ ಕಂಪೈಲರ್ ಎಚ್ಚರಿಸುತ್ತಿತ್ತು. ನೀನು ಸುತ್ತಿಸಿ ಕೊಟ್ಟಿದ್ದಕ್ಕೆ ಸುಮ್ನೆ ಇದ್ದುಬಿಟ್ಟಿರಬೇಕು. "ಇಲ್ಲಿ ಸರಿಯಾಗೇ ಬರ್ತಿದೆ ಅತ್ತೆ" ಅಂತ ಬರೆದಿದ್ದೀಯ. ನನಗೆ ಹೆದರಿಕೆ ಅದೇ ಮಾತಿಗೆ.

ಗವಿಮಠದ ಜಾತ್ರೆಯಲ್ಲಿ ನಿನಗೆ ಮಿಠಾಯಿ ಕೊಡಿಸಿದ ಅಂಗಡಿ ನೆನಪಿದೆಯಾ? ಜಾತ್ರೆ ಮುಗಿದ ಮೇಲೆ ಆ ಜಾಗಕ್ಕೆ ಹೋದರೆ ಒಂದೆರಡು ದಿನ ಒಲೆಯ ಬೂದಿ ಕಾಣುತ್ತದೆ. ಆಮೇಲೆ ಅಲ್ಲಿ ಬೇರೆ ಯಾರೋ ಗಾಡಿ ನಿಲ್ಲಿಸಿರುತ್ತಾರೆ. ಫಂಕ್ಷನ್ ಮುಗಿದ ಮೇಲೆ ಸ್ಟ್ಯಾಕ್‌ನಲ್ಲಿದ್ದ, ಅಂದರೆ ಫಂಕ್ಷನ್ ನಡೆಯುವಷ್ಟು ಹೊತ್ತು ಮಾತ್ರ ಸಿಗುವ ಜಾಗದಲ್ಲಿದ್ದ, ಅದರ ಅರೇಯೂ ಹಾಗೇ. ನಿನಗೆ ಕಂಡ ಹೆಸರು ಆ ಬೂದಿ. ಮುಂದಿನ ಫಂಕ್ಷನ್ ಕರೆದ ಕೂಡಲೇ ಅದೂ ಹೋಗಬಹುದು.

ಹಾಗಂತ ಅರೇಯ ಮುಂದೆ ಸ್ಟ್ಯಾಟಿಕ್ ಅಂತ ಬರೆದು, ಪ್ರೋಗ್ರಾಂ ಮುಗಿಯುವವರೆಗೂ ಆ ಒಂದೇ ಜಾಗ ಉಳಿಯುವಂತೆ ಮಾಡಿ ಕೈ ತೊಳೆದುಕೊಳ್ಳಬೇಡ. ನಾನು ಅದನ್ನೇ ಮಾಡಿದ್ದೆ. ಇಲ್ಲಿನ ಒಂದು ರೈಸ್ ಮಿಲ್ಲಿನ ವೇಬ್ರಿಡ್ಜ್‌ಗೆ (ಲಾರಿ ತೂಗುವ ಕಾಟಾಕ್ಕೆ) ಪ್ರೋಗ್ರಾಂ ಬರೆದಾಗ, ತೂಕವನ್ನು ಅಕ್ಷರವಾಗಿ ಮಾಡುವ ಫಂಕ್ಷನ್‌ಗೆ ಸ್ಟ್ಯಾಟಿಕ್ ಅರೇ ಇಟ್ಟೆ. ಚೀಟಿ ಪ್ರಿಂಟ್ ಮಾಡುವ ಒಂದೇ ಸಾಲಿನಲ್ಲಿ ಅದನ್ನು ಎರಡು ಸಲ ಕರೆದೆ, ಲೋಡ್ ತೂಕಕ್ಕೊಮ್ಮೆ, ಖಾಲಿ ಲಾರಿಗೊಮ್ಮೆ. ಜಾಗ ಇದ್ದದ್ದು ಒಂದೇ. ಹಿಂದಿನದರ ಮೇಲೆ ಮುಂದಿನದು ಕೂತಿತು. ಲೋಡ್ 8,940 ಕಿಲೋ, ಖಾಲಿ 8,940 ಕಿಲೋ, ಭತ್ತ ಮಾತ್ರ 15,620 ಕಿಲೋ ಅಂತ ಚೀಟಿ ಬಂತು. ಭತ್ತ ತಂದಿದ್ದ ರೈತ ಅದನ್ನು ನನ್ನ ಮುಂದೆ ಹಿಡಿದು, "ಎರಡೂ ಒಂದೇ ಐತಲ್ಲವ್ವಾ, ಇದನ್ನ ಹೆಂಗ ನಂಬೂದು?" ಅಂದ. ಆ ಮುಖ ಇನ್ನೂ ಕಣ್ಣ ಮುಂದಿದೆ. ಸಮಯ ಕೊಡುವ ಸಿ ಲೈಬ್ರರಿಯ ಲೋಕಲ್‌ಟೈಮ್ ಫಂಕ್ಷನ್ ಕೂಡ ಹೀಗೇ ಒಂದೇ ಜಾಗದ ವಿಳಾಸ ಕೊಡಬಹುದು, ಅಲ್ಲೂ ಹುಷಾರು.

ಜಾಗವನ್ನು ಕರೆಯುವವರಿಂದಲೇ ಕೇಳಿ ತಗೋ. ಅರೇಯ ಪಾಯಿಂಟರ್ ಜೊತೆ ಅದರ ಅಳತೆಯೂ ಬರಲಿ. ಫಂಕ್ಷನ್ ಒಳಗೆ ಅಳತೆ ಕೇಳಲು ಸೈಜ್‌ಆಫ್ ಹಾಕಿದರೆ ಸಿಗೋದು ಪಾಯಿಂಟರ್‌ನ ಅಳತೆ, ನಿನ್ನ ಲ್ಯಾಪ್‌ಟಾಪ್‌ನಲ್ಲಿ 8 ಬೈಟ್. ಅರೇಯ 50 ಅಲ್ಲ. ಅಳತೆ ಮೀರದಂತೆ ಅಕ್ಷರ ತುಂಬುವ ಎಸ್‌ಎನ್‌ಪ್ರಿಂಟ್‌ಎಫ್‌ಗೆ ಕರೆಯುವವರು ಕೊಟ್ಟ ಅಳತೆಯನ್ನೇ ಕೊಡು. ಅದು ವಾಪಸ್ ಕೊಡುವ ಸಂಖ್ಯೆಯನ್ನೂ ನೋಡು: ಅಳತೆಯಷ್ಟೇ ಅಥವಾ ಜಾಸ್ತಿ ಬಂದರೆ ಹೆಸರು ಅರ್ಧಕ್ಕೆ ಕತ್ತರಿಸಿದೆ ಅಂತ.

ಅಳತೆ ಮೊದಲೇ ಗೊತ್ತಾಗದಿದ್ದರೆ ಮಾತ್ರ ಮ್ಯಾಲಕ್‌ನಿಂದ ಬೇಕಾದಷ್ಟು ಜಾಗ ಕೇಳು. ನಲ್ ಬಂತಾ, ಅಂದರೆ ಜಾಗ ಸಿಗಲಿಲ್ಲವಾ, ಅಂತ ನೋಡು. ಆ ಜಾಗವನ್ನು ಫ್ರೀ ಮಾಡುವವರು (ವಾಪಸ್ ಬಿಡುವವರು) ಯಾರು ಅಂತ ಫಂಕ್ಷನ್ ಮೇಲೇ ಕಾಮೆಂಟ್ ಬರೆ. ಎರಡು ಮೂರು ಸಂಖ್ಯೆ ಅಷ್ಟೇ ಆದರೆ ಪಾಯಿಂಟರ್ ಯಾಕೆ, ಅವನ್ನು ಒಂದೇ ಗಂಟಾಗಿ ಕಟ್ಟುವ ಸ್ಟ್ರಕ್ಟನ್ನೇ ರಿಟರ್ನ್ ಮಾಡು.

ಆ ಫಂಕ್ಷನ್ ಬದಲಿಸಿ ಭಾನುವಾರದೊಳಗೆ ಕಳಿಸು, ಓದುತ್ತೇನೆ. ಅಣ್ಣನಿಗೂ ಅತ್ತಿಗೆಗೂ ಕೇಳಿದೆ ಅಂತ ಹೇಳು.

ನಿನ್ನ ಅತ್ತೆ