ಮದುವೆ ಮಾತುಕತೆಗೆ ಮೊದಲು: ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರಿಗೆ

ಎಲ್ಲರಿಗೂ ನಮಸ್ಕಾರ. ಸಂಬಂಧ ನೋಡಲು ಶುರು ಮಾಡುವ ಮೊದಲು ಆಸ್ಪತ್ರೆಯಿಂದ ಚಿಕಿತ್ಸಾ ಸಾರಾಂಶ ಬರೆಸಿಕೊಳ್ಳಿ. ಬರೀ ಡಿಸ್ಚಾರ್ಜ್ ಚೀಟಿ ಸಾಲದು. ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಗಳು ಒಟ್ಟು ಎಷ್ಟು ಡೋಸ್ ಹೋಗಿವೆ, ರೇಡಿಯೇಶನ್ ಎಲ್ಲಿಗೆ, ಎಷ್ಟು ಗ್ರೇ (ರೇಡಿಯೇಶನ್ ಅಳೆಯುವ ಮಾನ) ಎಂಬುದು ಅದರಲ್ಲಿರಬೇಕು.

ಚಿಕಿತ್ಸೆಯಿಂದ ಮಕ್ಕಳಾಗುವ ಶಕ್ತಿ ಕುಗ್ಗಿರಬಹುದು, ಹಾಗಾಗಿ ಹುಡುಗರು ವೀರ್ಯ ಪರೀಕ್ಷೆ ಮಾಡಿಸಿ (ಅದಕ್ಕೆ ಮೊದಲು 2ರಿಂದ 7 ದಿನ ಸ್ಖಲನ ಆಗಿರಬಾರದು). ಒಂದು ವರದಿ ಕಡಿಮೆ ಬಂತೆಂದು ಎದೆಗುಂದಬೇಡಿ, ಇನ್ನೊಮ್ಮೆ ಮಾಡಿಸಿ. ಹುಡುಗಿಯರಿಗೆ ಎಎಂಎಚ್ ರಕ್ತಪರೀಕ್ಷೆ (ಅಂಡಾಣು ಎಷ್ಟು ಉಳಿದಿದೆ ಎಂದು ಅಂದಾಜಿಸುವ ಹಾರ್ಮೋನ್ ಪರೀಕ್ಷೆ). ಮುಟ್ಟು ಸರಿಯಾಗಿದೆ ಎಂದು ಸುಮ್ಮನಿರಬೇಡಿ. ಅಂಡಾಣುಗಳು ಬೇಗ ಮುಗಿದು 40ಕ್ಕೂ ಮೊದಲೇ ಮುಟ್ಟು ನಿಲ್ಲಬಹುದು. ಡಾಕ್ಸೊರುಬಿಸಿನ್ ಚದರ ಮೀಟರಿಗೆ 250 ಮಿಲಿಗ್ರಾಂ ಮುಟ್ಟಿದ್ದರೆ ಬಸಿರಿಗೆ ಮೊದಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕು, ಆ ಔಷಧ ಹೃದಯವನ್ನು ದುರ್ಬಲಗೊಳಿಸಿರಬಹುದು, ಬಸಿರಿನಲ್ಲಿ ಹೃದಯದ ಹೊರೆಯೂ ಏರುತ್ತದೆ.

“ಮಕ್ಕಳಿಗೂ ಬರುತ್ತದಾ?” ಆ ಕಡೆಯವರು ಕೇಳಿಯೇ ಕೇಳುತ್ತಾರೆ. ಮಕ್ಕಳ ಕ್ಯಾನ್ಸರ್ ಬಹುಪಾಲು ವಂಶಪಾರಂಪರ್ಯವಲ್ಲ. ಎರಡೂ ಕಣ್ಣಿಗೆ ಬಂದ ರೆಟಿನೊಬ್ಲಾಸ್ಟೊಮಾ (ಕಣ್ಣಿನ ಕ್ಯಾನ್ಸರ್) ಬೇರೆ: ಆ ಜೀನ್ ದೋಷ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಶೇ. 50. ಅದು ಬಂದಿದ್ದವರು ಜೆನೆಟಿಕ್ ಸಲಹೆ ಪಡೆಯಿರಿ.

ಮೊದಲ ಭೇಟಿಯಲ್ಲೇ ಹೇಳಬೇಕೆಂದಿಲ್ಲ, ಆದರೆ ನಿಶ್ಚಿತಾರ್ಥಕ್ಕೆ ಮೊದಲು ಹೇಳಲೇಬೇಕು. ಮಧ್ಯವರ್ತಿಯ ಬಾಯಲ್ಲಿ ಹೇಳಿಸಬೇಡಿ, ಅರ್ಧ ಮಾತು ಅಲ್ಲೇ ಕೆಡುತ್ತದೆ. ಇಬ್ಬರೂ ಕೂತು ಮಾತಾಡಿ. ಒಪ್ಪಿದರೆ ಮುಂದಿನ ಫಾಲೋಅಪ್‌ಗೆ ಜೊತೆಯಾಗಿ ಹೋಗಿ ವೈದ್ಯರನ್ನೇ ಕೇಳಿ.