ಮಗಳಿಗೊಂದು ಪತ್ರ: ಮರೆಹೊಗುವುದು ಅಂದರೆ

ಪ್ರೀತಿಯ ಪುಟ್ಟಿ,

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಅಪ್ಪಾ, ಕಷ್ಟ ಬಂದಾಗೆಲ್ಲ ಮನೆಗೆ ಓಡಿ ಬರ್ತೀನಲ್ಲ, ನಾನು ಹೇಡಿನಾ?" ಅಂದೆ. ನಿನ್ನ ದನಿ ನಡುಗುತ್ತಿತ್ತು. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ದೈವಶಾಸ್ತ್ರ ಕಾಲೇಜಿನಲ್ಲಿ ಓದುವಾಗ ಬೈಬಲಿನ ಹಳೆಯ ಒಡಂಬಡಿಕೆಯ ಮೂಲ ಭಾಷೆಯಾದ ಹೀಬ್ರೂ ಕಲಿತಿದ್ದೆ. ಬಹಳಷ್ಟು ಮರೆತುಹೋಗಿದೆ. ಒಂದು ಪದ ಮಾತ್ರ ಬಿಟ್ಟು ಹೋಗಿಲ್ಲ: ಹಾಸಾ. ಮೊದಲ ಅಕ್ಷರವನ್ನು ಗಂಟಲಿನ ಆಳದಿಂದ ತೆಗೆಯಬೇಕು. ಅದು ಕ್ರಿಯಾಪದ, ಆಸರೆಗೆ ಹೋಗುವುದು ಅಂತ ಅರ್ಥ. ಅದರಿಂದ ಬಂದ ಇನ್ನೊಂದು ಪದ ಮಹ್ಸೆ, ಅಂದರೆ ಆಸರೆಯ ಜಾಗ. ಬೈಬಲಿನ 46ನೇ ಕೀರ್ತನೆಯ ಮೊದಲ ಸಾಲಿನಲ್ಲಿ ದೇವರು ನಮಗೆ ಆಶ್ರಯ ಅಂತ ಓದುತ್ತೇವಲ್ಲ, ಅಲ್ಲಿರುವುದು ಇದೇ.

ನಮ್ಮ ಕನ್ನಡ ಬೈಬಲಿನಲ್ಲಿ ಹಾಸಾ ಎಂಬುದಕ್ಕೆ ಹಲವು ಕಡೆ ‘ಮರೆಹೊಗು’ ಅಂತ ಇದೆ. 2ನೇ ಕೀರ್ತನೆಯ ಕೊನೆ ನೆನಪಿಸಿಕೋ: ಆತನ ಮರೆಹೊಕ್ಕವರೆಲ್ಲರೂ ಧನ್ಯರು. ಈ ಪದ ಆರಿಸಿದ ಹಿರಿಯರಿಗೆ ಕೈಮುಗಿಯಬೇಕು ಅನಿಸುತ್ತದೆ. ಮರೆ ಅಂದರೆ ಗಾಳಿ ಮಳೆಗೆ ಅಡ್ಡ ನಿಂತದ್ದು. ಹೊಗು ಅಂದರೆ ಒಳಗೆ ಹೋಗು. ಮರೆ ಇದ್ದರೆ ಸಾಲದು, ಎದ್ದು ನಡೆದು ಅದರೊಳಗೆ ಹೋಗಬೇಕು. ಹೋಗುವುದೇ ಈ ಪದದ ಅರ್ಧ.

104ನೇ ಕೀರ್ತನೆಯಲ್ಲಿ ಒಂದು ಸಾಲಿದೆ. ಎತ್ತರದ ಬೆಟ್ಟಗಳು ಕಾಡುಮೇಕೆಗೆ, ಬಂಡೆಗಳು ಬೆಟ್ಟದ ಮೊಲಕ್ಕೆ ಮಹ್ಸೆ. ಈ ಬೆಟ್ಟದ ಮೊಲ ನಿಜಕ್ಕೂ ಮೊಲವಲ್ಲ. ಗಾತ್ರ ಮೊಲದಷ್ಟೇ, ಆದರೆ ಆನೆಯ ದೂರದ ನೆಂಟ! ಮೃತ ಸಮುದ್ರದ ಪಕ್ಕದ ಏಂಗೆದಿಯಲ್ಲಿ ಇವತ್ತಿಗೂ ಕಾಡುಮೇಕೆ, ಬೆಟ್ಟದ ಮೊಲ ಎರಡೂ ಕಾಣಸಿಗುತ್ತವೆ. ಬೆಟ್ಟದ ಮೊಲದ ಪಾದ ಮೆತ್ತಗೆ, ಅದು ಬಿಲ ತೋಡುವುದಿಲ್ಲ. ಬಂಡೆಯಲ್ಲಿ ಮೊದಲೇ ಇರುವ ಬಿರುಕಿನಲ್ಲಿ ಸೇರಿಕೊಳ್ಳುತ್ತದೆ. ಒಂದು ಕಾವಲು ಕೂತಿರುತ್ತದೆ. ಹದ್ದು ಕಂಡರೆ ಕೂಗು ಹಾಕುತ್ತದೆ, ಎಲ್ಲವೂ ಒಳಕ್ಕೆ ಓಡುತ್ತವೆ. ಜ್ಞಾನೋಕ್ತಿಗಳ 30ನೇ ಅಧ್ಯಾಯ ಭೂಮಿಯ ಮೇಲಿನ ನಾಲ್ಕು ಚಿಕ್ಕ ಜೀವಿಗಳನ್ನು ಹೆಸರಿಸಿ, ಬಹಳ ಜಾಣವಾದವು ಅನ್ನುತ್ತದೆ. ಇರುವೆಯ ಜೊತೆ ಈ ಪ್ರಾಣಿಯೂ ಆ ಪಟ್ಟಿಯಲ್ಲಿದೆ. ಓಡಿಹೋಗಿ ಬಂಡೆ ಸೇರುವುದನ್ನು ಬೈಬಲು ಹೇಡಿತನ ಅನ್ನಲಿಲ್ಲ, ಪುಟ್ಟಿ. ಜಾಣತನ ಅಂದಿತು.

ಅದೇ ಏಂಗೆದಿಯ ಬಂಡೆಗಳ ನಡುವೆ ದಾವೀದನೂ ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಸೌಲ ರಾಜನಿಂದ ಅಡಗಿದ್ದ. ದೈತ್ಯ ಗೊಲ್ಯಾತನನ್ನು ಉರುಳಿಸಿದವನು! 57ನೇ ಕೀರ್ತನೆಯ ತಲೆಬರಹದಲ್ಲಿ ಅವನು ಗುಹೆಯಲ್ಲಿದ್ದಾಗಿನ ಪ್ರಾರ್ಥನೆ ಅಂತ ಇದೆ. ನಿನ್ನ ರೆಕ್ಕೆಗಳ ನೆರಳಲ್ಲಿ ಮರೆಹೊಗುತ್ತೇನೆ, ಆಪತ್ತು ದಾಟಿಹೋಗುವ ತನಕ, ಅನ್ನುತ್ತಾನೆ. ಈ ‘ತನಕ’ ನನಗೆ ತುಂಬಾ ಇಷ್ಟ. ಅವನು ಗುಹೆಯಲ್ಲೇ ಉಳಿದುಬಿಡಲಿಲ್ಲ, ನೀನೂ ಮನೆಯಲ್ಲಿ ಹತ್ತು ದಿನ ಇದ್ದು ಮತ್ತೆ ಕೆಲಸಕ್ಕೆ ಹೋದೆ, ಅಲ್ವಾ?

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ರೂತಳ ಕಥೆ. ಮೋವಾಬ್ ಎಂಬ ಪರದೇಶದ ಹುಡುಗಿ. ಗಂಡ ಸತ್ತಿದ್ದಾನೆ. ಅತ್ತೆಯ ಕೈ ಬಿಡದೆ ಬೇತ್ಲೆಹೇಮಿಗೆ ಬಂದಿದ್ದಾಳೆ. ಜವೆ ಕೊಯ್ಲಿನ ಕಾಲ. ಕೊಯ್ಯುವವರ ಹಿಂದೆ ಹೋಗಿ ಬಿದ್ದ ತೆನೆ ಆಯುತ್ತಾಳೆ. ಹೊಲದ ಯಜಮಾನ ಬೋವಜ ಅವಳನ್ನು ಹರಸುತ್ತಾನೆ: ಇಸ್ರಾಯೇಲಿನ ದೇವರ ರೆಕ್ಕೆಯಡಿ ಆಸರೆಗೆ ಬಂದಿದ್ದೀಯೆ, ಆತ ನಿನಗೆ ಒಳ್ಳೆಯ ಪ್ರತಿಫಲ ಕೊಡಲಿ ಅಂತ. ಅಲ್ಲಿರುವ ಕ್ರಿಯಾಪದ ಹಾಸಾ. ರೆಕ್ಕೆಗೆ ಅಲ್ಲಿರುವ ಪದ ಕಾನಾಫ್. ಮುಂದಿನ ಅಧ್ಯಾಯದಲ್ಲಿ ರಾತ್ರಿ ಕಣದಲ್ಲಿ ರೂತಳು ಅದೇ ಬೋವಜನಿಗೆ ಹೇಳುತ್ತಾಳೆ: ನಿನ್ನ ಕಾನಾಫನ್ನು ನನ್ನ ಮೇಲೆ ಹೊದಿಸು. ಯಾಕೆಂದರೆ ಕಾನಾಫ್ ಅಂದರೆ ಬಟ್ಟೆಯ ಅಂಚೂ ಹೌದು, ನಮ್ಮ ಸೆರಗಿನ ಹಾಗೆ. ಬಾಯಲ್ಲಿ ಹರಸಿದವನನ್ನು ಅವಳು ಕೈಹಿಡಿದು ಕೇಳಿದಳು: ದೇವರ ರೆಕ್ಕೆ ಅಂದೆಯಲ್ಲ, ನೀನೇ ಅದಾಗು. ಎಂಥ ಧೈರ್ಯ ಬೇಕು ನೋಡು, ಹಾಗೆ ಕೇಳೋಕೆ! ಚಿಕ್ಕವಳಿದ್ದಾಗ ಇಂಜೆಕ್ಷನ್ ಅಂದರೆ ಸಾಕು, ನೀನು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದೆ. ಇದನ್ನು ಬೋಧಿಸುವಾಗೆಲ್ಲ ನನಗೆ ಅದೇ ಕಣ್ಮುಂದೆ ಬರುತ್ತದೆ.

ಒಂದು ವಿಷಯಕ್ಕೆ ಮಾತ್ರ ನನಗೆ ನೋವಾಯಿತು. ಮನೆಗೆ ಬರುವ ಮೊದಲು ಮೂರು ತಿಂಗಳು ಫೋನಿನಲ್ಲಿ "ಏನಿಲ್ಲ ಅಪ್ಪಾ, ಚೆನ್ನಾಗಿದೀನಿ" ಅಂತಲೇ ಹೇಳುತ್ತಿದ್ದೆ. ಯೆಶಾಯನ 28ನೇ ಅಧ್ಯಾಯದಲ್ಲಿ ಕೆಲವರು ಸುಳ್ಳನ್ನೇ ನಮ್ಮ ಮಹ್ಸೆ ಮಾಡಿಕೊಂಡಿದ್ದೇವೆ ಅನ್ನುತ್ತಾರೆ. ಆಲಿಕಲ್ಲು ಬಂದು ಅದನ್ನು ಬಡಿದುಕೊಂಡು ಹೋಗುತ್ತದೆ ಅನ್ನುತ್ತಾನೆ ಪ್ರವಾದಿ. ಆ ಮಾತು ಯೆರೂಸಲೇಮಿನ ಆಳುವವರಿಗೆ ಹೇಳಿದ್ದು, ನಿನಗಲ್ಲ. ಆದರೂ ಆ ‘ಚೆನ್ನಾಗಿದೀನಿ’ ಒಳಗೆ ನೀನೊಬ್ಬಳೇ ಎಷ್ಟು ನೆನೆದೆಯೋ ಅಂತ ಅನಿಸಿ ಸಂಕಟವಾಯಿತು. ಇನ್ನು ಮೇಲೆ ಹಾಗೆ ಮಾಡಬೇಡ.

ಯೋಬನ 24ನೇ ಅಧ್ಯಾಯದಲ್ಲೂ ಈ ಪದ ಬರುತ್ತದೆ. ಹೊಲ, ಬಟ್ಟೆ ಕಳೆದುಕೊಂಡ ಬಡವರು ಬೆಟ್ಟದ ಮಳೆಯಲ್ಲಿ ನೆನೆದು, ಮಹ್ಸೆ ಇಲ್ಲದೆ ಬಂಡೆಯನ್ನೇ ತಬ್ಬಿಕೊಳ್ಳುತ್ತಾರೆ. ನಿನ್ನ ಪಿಜಿ ಎದುರು ಟಾರ್ಪಾಲಿನ ಕೆಳಗೆ ಮಲಗುವ ಕಟ್ಟಡ ಕೆಲಸದವರ ಬಗ್ಗೆ ನೀನೇ ಹೇಳಿದ್ದೆ. ಆ ಮಗುವಿಗೆ ಸ್ವೆಟರ್ ಕೊಟ್ಟೆ ಅಂದೆಯಲ್ಲ, ಅಮ್ಮ ಇನ್ನೆರಡು ಹೆಣೆಯುತ್ತಿದ್ದಾಳೆ.

ಕ್ರಿಸ್ಮಸ್‌ಗೆ ಟಿಕೆಟ್ ಮಾಡಿಸಿದೆಯಾ? ಬೇಗ ಮಾಡಿಸು, ಆಮೇಲೆ ಸೀಟು ಸಿಗಲ್ಲ. ಅದಕ್ಕೂ ಮೊದಲು ಬರಬೇಕು ಅನಿಸಿದರೆ ಕೇಳಬೇಡ, ಬಂದುಬಿಡು. ರಾತ್ರಿ ಬಸ್ಸಾದರೆ ಫೋನ್ ಮಾಡು, ಸ್ಟ್ಯಾಂಡಿಗೆ ಬರುತ್ತೇನೆ.

ನಿನ್ನ ಅಪ್ಪ